ಹಳೇ ಸ್ಪೋರ್ಟ್ಸ್ ಕಾರು ‘ರೇಸಿಗೆ ಓಡಿದ್ದು’ ಅಂದರೆ ನಂಬೋದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಒಂದು ದಾರಿ

ನಮ್ಮ ಕಡೆ ಹಳೇ ಕಾರು ಮಾರಾಟಕ್ಕೆ ಬಂತು ಅಂದ್ರೆ ಎರಡು ಮಾತು ಅದರ ಬೆನ್ನಿಗೇ ಬರುತ್ತವೆ. ಒಂದು, ಇದು ಸಂಸ್ಥಾನದವರ ಗಾಡಿ. ಜಮಖಂಡಿ, ಮುಧೋಳ, ರಾಮದುರ್ಗ, ಇಲ್ಲಾಂದ್ರೆ ಸಾಂಗ್ಲಿ, ಕೊಲ್ಲಾಪುರ. ಇನ್ನೊಂದು, ಇದು ರೇಸಿನಲ್ಲಿ ಓಡಿದ ಗಾಡಿ. ಎರಡೂ ನಿಜ ಇರಬಹುದು. ಆದರೆ ಈ ಎರಡು ಮಾತಿನ ಮೇಲೆ ರೇಟು ಎಲ್ಲಿಂದ ಎಲ್ಲಿಗೋ ಹೋಗುತ್ತೆ, ಸಾಕ್ಷಿ ಕೇಳಿದರೆ ಮಾತ್ರ "ನಮ್ಮ ಅಜ್ಜಾರು ಹೇಳ್ತಿದ್ರು" ಅನ್ನೋದರಲ್ಲಿ ಮುಗಿಯುತ್ತೆ.

ನಾನು ಹಿಡಿಯೋ ಕ್ರಮ ಇಷ್ಟೇ. ಮೊದಲು ಕಬ್ಬಿಣ, ಆಮೇಲೆ ಕಾಗದ, ಕೊನೆಗೆ ಮಾತು. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ. ಮೊದಲು ಕಥೆ ಕೇಳಿ ಖುಷಿಪಟ್ಟು, ಆಮೇಲೆ ಆ ಕಥೆಗೆ ಸರಿಹೋಗೋ ಕಾಗದ ಹುಡುಕೋಕೆ ಹೊರಡ್ತಾರೆ. ಹಾಗೆ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತೆ, ಅದೇ ತೊಂದರೆ.

ಉದಾಹರಣೆಗೆ ಎಂಜಿ ಟಿಸಿ ತಗೊಳ್ಳೋಣ. ಎರಡು ಸೀಟಿನ ಇಂಗ್ಲಿಷ್ ಗಾಡಿ, 1250 ಸಿಸಿ ಇಂಜಿನ್, 1945ರಿಂದ 1949ರವರೆಗೆ ಸುಮಾರು 10,000 ತಯಾರಾದವು. ಬೇರೆ ಗಾಡಿ ಆದರೂ ದಾರಿ ಇದೇ.

ಕಬ್ಬಿಣ

ಟಿಸಿ ಚಾಸಿ (ಗಾಡಿಯ ಕಬ್ಬಿಣದ ಚೌಕಟ್ಟು) ನಂಬರ್ ಎರಡು ಕಡೆ ನೋಡಬೇಕು. ಬಾನೆಟ್ ಕೆಳಗಿನ ತಗಡಿನ ಪಟ್ಟಿಯಲ್ಲಿ ಒಂದು. ಚಾಸಿಯ ಮುಂದಿನ ಎಡ ತುದಿಯಲ್ಲಿ, ಪಾಟಾ (ಸ್ಪ್ರಿಂಗ್ ಪಟ್ಟಿ) ಕೂರೋ ಕೊಂಬಿನ ಮೇಲೆ ಹೊಡೆದಿದ್ದು ಇನ್ನೊಂದು. ಪಟ್ಟಿಯನ್ನ ಯಾರು ಬೇಕಾದರೂ ಬಿಚ್ಚಿ ಬೇರೆ ಗಾಡಿಗೆ ಕೂರಿಸಬಹುದು, ಹಾಗಾಗಿ ನನಗೆ ಕೊಂಬಿನ ಮೇಲಿನ ನಂಬರ್ರೇ ಮುಖ್ಯ. ಅದರ ಮೇಲೆ ಎಪ್ಪತ್ತು ವರ್ಷದ ಗ್ರೀಸು, ಧೂಳು, ಮೂರು ನಾಲ್ಕು ಪದರ ಬಣ್ಣ ಇರುತ್ತೆ. ಗ್ರೈಂಡರ್ ಹಿಡಿಯಬೇಡಿ, ಪಾಲಿಶ್ ಪೇಪರ್ ಕೂಡ ಬೇಡ. ಸೀಮೆಎಣ್ಣೆಯಲ್ಲಿ ಕಾಟನ್ ವೇಸ್ಟ್ ಅದ್ದಿ ಒರೆಸಿ, ಒಂದು ರಾತ್ರಿ ನೆನೆಯೋಕೆ ಬಿಡಿ, ಬೆಳಗ್ಗೆ ಹಳೇ ಟೂತ್‌ಬ್ರಷ್‌ನಿಂದ ಮೆತ್ತಗೆ ಉಜ್ಜಿ. ಅಕ್ಷರ ಕಾಣೋಕೆ ಶುರುವಾದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿ, ಆರ್‌ಟಿಓ ಆಫೀಸಿನ ಹೊರಗೆ ಏಜೆಂಟರು ಪ್ರಿಂಟ್ ತೆಗೀತಾರಲ್ಲ, ಹಾಗೆ. ಅಕ್ಷರಗಳ ಸಾಲು ಸೊಟ್ಟ ಇದೆಯಾ, ಒಂದು ಅಂಕಿ ಮಾತ್ರ ಆಳವಾಗಿದೆಯಾ, ಅಕ್ಕಪಕ್ಕದ ಲೋಹ ತಗ್ಗಾಗಿದೆಯಾ ಅನ್ನೋದು ಫೋಟೋಗಿಂತ ಈ ಪ್ರಿಂಟಿನಲ್ಲಿ ಚೆನ್ನಾಗಿ ತಿಳಿಯುತ್ತೆ.

ಟಿಸಿ ನಂಬರ್ 0251ರಿಂದ ಶುರು. ಅಬಿಂಗ್ಡನ್ ಊರಿನ ಕಾರ್ಖಾನೆಯ ಫೋನ್ ನಂಬರ್ 251 ಆಗಿತ್ತು, ಅದನ್ನೇ ಮೊದಲ ಗಾಡಿಗೆ ಕೊಟ್ಟರು. ಆದ್ದರಿಂದ "ಇದು ಟಿಸಿ 100ನೇ ನಂಬರ್ ಗಾಡಿ" ಅಂತ ಯಾರಾದರೂ ಅಂದರೆ ಚಹಾ ಕುಡಿದು ಎದ್ದು ಬನ್ನಿ. ಹಾಗೇ ಟಿಸಿ ಎಡಗಡೆ ಸ್ಟೀರಿಂಗ್‌ನಲ್ಲಿ ಕಾರ್ಖಾನೆಯಿಂದ ಬಂದಿಲ್ಲ, ಎಲ್ಲವೂ ಬಲಗಡೆ.

ಇಂಜಿನ್ ನಂಬರ್ ಎಕ್ಸ್‌ಪಿಎಜಿ ಅಂತ ಶುರುವಾಗುತ್ತೆ, ಎಂಟು ಮೂಲೆಯ ಹಿತ್ತಾಳೆ ಪಟ್ಟಿಯ ಮೇಲೆ ಇರುತ್ತೆ. ನಮ್ಮ ಕಡೆ ಇಂಜಿನ್ ಬದಲಾಗಿರೋದು ಜಾಸ್ತಿ. ಪಾರ್ಟ್ಸ್ ಸಿಗದೆ ಅಂಬಾಸಿಡರ್ ಇಂಜಿನ್ನೋ ಫಿಯೆಟ್ ಇಂಜಿನ್ನೋ ಕೂರಿಸಿ ಓಡಿಸಿರ್ತಾರೆ. ಅದು ತಪ್ಪೇನಲ್ಲ, ಗಾಡಿ ಉಳಿದಿದ್ದೇ ಅದರಿಂದ. ಆದರೆ ಯಾವ ವರ್ಷ ಬದಲಾಯಿತು ಅನ್ನೋದು ಆರ್‌ಸಿ ಬುಕ್‌ನಲ್ಲಿ ಬರೆದಿರಬೇಕು.

ಜಾಗ್ವಾರ್ ಎಕ್ಸ್‌ಕೆ 120 ಆದರೆ ಬಲಗಡೆ ಸ್ಟೀರಿಂಗಿನ ತೆರೆದ ಗಾಡಿಗಳ ಚಾಸಿ ನಂಬರ್ 660ರಿಂದ, ಎಡಗಡೆಯವು 670ರಿಂದ ಶುರುವಾಗುತ್ತವೆ. ಇಂಜಿನ್ ನಂಬರಿನ ಕೊನೆಯಲ್ಲಿ ಗೀಟು ಹಾಕಿ 7 ಅಥವಾ 8 ಇದ್ದರೆ ಅದು ಕಂಪ್ರೆಷನ್, ಅಂದರೆ ಇಂಜಿನ್ನಿನೊಳಗೆ ಗಾಳಿ-ಪೆಟ್ರೋಲನ್ನ ಒತ್ತೋ ಪ್ರಮಾಣ, ಎಷ್ಟು ಅಂತ ಹೇಳುತ್ತೆ.

ಇನ್ನು ರೇಸಿನ ಗುರುತು. ಟಿಸಿ ಮುಂದಿನ ಗಾಜು ಮಡಚಿ ಮಲಗಿಸೋ ಹಾಗೇ ಬಂದಿದ್ದು, ಅದನ್ನ ತೋರಿಸಿ "ನೋಡ್ರಿ ರೇಸಿಂದು" ಅಂದರೆ ನಗಬೇಡಿ, ಸುಮ್ನೆ ಮುಂದಕ್ಕೆ ಹೋಗಿ. ಡ್ಯಾಶ್‌ಬೋರ್ಡಿನ ಮುಂದೆ ಚಿಕ್ಕ ಗಾಜು ಕೂರಿಸಿದ ತೂತು, ಬಾನೆಟ್ಟಿಗೆ ಬೆಲ್ಟ್ ಕಟ್ಟಿದ ಗುರುತು, ಬಾಗಿಲ ಮೇಲೆ ಬಣ್ಣದಡಿ ದುಂಡಗೆ ಉಬ್ಬಿರೋ ಹಳೇ ಪೇಂಟು, ಇವು ಲೆಕ್ಕಕ್ಕೆ ಬರುತ್ತವೆ. ಬಾಗಿಲನ್ನ ಸಂಜೆ ಬಿಸಿಲಿಗೆ ಓರೆ ಮಾಡಿ ನೋಡಿದರೆ ಹಳೇ ರೇಸ್ ನಂಬರಿನ ಅಂಚು ಒಮ್ಮೊಮ್ಮೆ ಎದ್ದು ಕಾಣುತ್ತೆ.

ಹೆಡ್ (ಇಂಜಿನ್ನಿನ ಮೇಲಿನ ಮುಚ್ಚಳ) ಬಿಚ್ಚೋ ಅವಕಾಶ ಸಿಕ್ಕರೆ ದಪ್ಪ ಅಳೆಯಿರಿ. ಟಿಸಿ ಹೆಡ್ ಕಾರ್ಖಾನೆಯಿಂದ ಬಂದಾಗ 76.75 ಮಿ.ಮೀ. ರೇಸಿಗೆ ತಯಾರು ಮಾಡುವವರು ಇದನ್ನ ಎರಡು ಮಿ.ಮೀ.ಗಿಂತ ಜಾಸ್ತಿ ಕೆತ್ತಿಸಿ ಕಂಪ್ರೆಷನ್ ಏರಿಸ್ತಿದ್ರು. ಬೆಳಗಾವಿಯ ಉದ್ಯಮಬಾಗದಲ್ಲಿ ವರ್ನಿಯರ್ ಹಿಡಿದು ಸರಿಯಾಗಿ ಅಳೆದು ಕೊಡೋ ಮಷಿನ್ ಶಾಪಿಗೆ ಬರ ಇಲ್ಲ. ಆದರೆ ಹೆಡ್ ಬಿಸಿಯಾಗಿ ಸೊಟ್ಟಗಾದಾಗಲೂ ಫೇಸಿಂಗ್ ಮಾಡಿಸ್ತಾರೆ, ಹಾಗಾಗಿ ದಪ್ಪ ಕಡಿಮೆ ಇದ್ದ ಮಾತ್ರಕ್ಕೆ ರೇಸ್ ಕಾರು ಆಗಲ್ಲ. ಇದೂ ಒಂದು ಸುಳಿವು, ಅಷ್ಟೇ. ಬಿಚ್ಚುವಾಗ ಒಂದು ಎಚ್ಚರ: ಈ ಇಂಜಿನ್ನಿನ ಬೋಲ್ಟಿನ ತಲೆ ವಿಟ್‌ವರ್ತ್ (ಇಂಗ್ಲಿಷರ ಹಳೇ ಇಂಚಿನ) ಅಳತೆ, ಥ್ರೆಡ್ ಮಾತ್ರ ಮೆಟ್ರಿಕ್. ಗೊತ್ತಿಲ್ಲದವರ ಕೈಗೆ ಪಾನಾ ಕೊಟ್ಟರೆ ನಿಮ್ಮ ಸಾಕ್ಷಿ, ನಿಮ್ಮ ಇಂಜಿನ್ ಎರಡೂ ಹೋದವು ಅಂತಲೇ.

ಕಾಗದ

ಇಲ್ಲೇ ನಮ್ಮ ಮೂರು ಜಿಲ್ಲೆಗಳ ಗೋಜಲು ಇರೋದು. 1948ರವರೆಗೆ ಜಮಖಂಡಿ, ಮುಧೋಳ ಬೇರೆ ಸಂಸ್ಥಾನಗಳು. ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿ. ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. 1989ರಲ್ಲಿ ಕೆಎ ನಂಬರ್ ಬಂತು, ಈಗ ಬೆಳಗಾವಿ 22, ಚಿಕ್ಕೋಡಿ 23, ಬೈಲಹೊಂಗಲ 24, ವಿಜಯಪುರ 28, ಬಾಗಲಕೋಟೆ 29, ಜಮಖಂಡಿ 48, ಗೋಕಾಕ 49. ಬಾಗಲಕೋಟೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅಂದರೆ ಗಾಡಿ ಒಂದೇ ಮನೆಯ ಶೆಡ್ಡಿನಿಂದ ಹೊರಗೆ ಬರದಿದ್ದರೂ ಅದರ ಕಾಗದ ಮೂರು ಸರ್ಕಾರದ ಕಪಾಟಿನಲ್ಲಿ ಹಂಚಿಹೋಗಿರಬಹುದು. ಬೆಳಗಾವಿ ಕ್ಯಾಂಪಿನಲ್ಲಿದ್ದ ಮಿಲಿಟರಿ ಆಫೀಸರ್ ತಂದ ಗಾಡಿ ಆದರಂತೂ ಕೇಳಲೇಬೇಡಿ, ವರ್ಗ ಆದಂತೆಲ್ಲ ರಾಜ್ಯ ಬದಲು, ನಂಬರ್ ಬದಲು.

ಅದಕ್ಕೇ ನಂಬರ್ ಪ್ಲೇಟ್ ಹಿಡಿದು ಹುಡುಕಬೇಡಿ, ಚಾಸಿ ನಂಬರ್ ಹಿಡಿದು ಹುಡುಕಿ. ಪ್ಲೇಟ್ ಬದಲಾದಾಗೆಲ್ಲ ಯಾವ ನಂಬರಿನಿಂದ ಯಾವ ನಂಬರಿಗೆ ಅಂತ ಬರೆದಿಟ್ಟುಕೊಳ್ಳಿ. ರೇಸಿನ ಹಳೇ ಫೋಟೋ ಸಿಕ್ಕಾಗ ಇದು ಬೇಕಾಗುತ್ತೆ, ಯಾಕಂದ್ರೆ ಫೋಟೋದಲ್ಲಿ ಕಾಣೋದು ಆವತ್ತಿನ ಪ್ಲೇಟು.

ಹಳೇ ಆರ್‌ಸಿ ಬುಕ್ ಇದ್ದರೆ ಅದೇ ಬಂಗಾರ. ಒಂದೊಂದು ವರ್ಗಾವಣೆಗೂ ಹೆಸರು, ತಾರೀಕು, ಸಿಕ್ಕಾ ಇರುತ್ತೆ. ಪುಟ ಹರಿದಿದ್ದರೆ ಟೇಪ್ ಹಚ್ಚಬೇಡಿ, ಹಾಗೇ ಸ್ಕ್ಯಾನ್ ಮಾಡಿಸಿ. ಬುಕ್ ಇಲ್ಲದಿದ್ದರೆ ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್‌ಗೆ (ಅವರ ನೋಂದಣಿ ರಿಜಿಸ್ಟರಿನ ನಕಲು) ಅರ್ಜಿ ಹಾಕಿ. ಕಂಪ್ಯೂಟರಿನಲ್ಲಿ ಇರೋದಷ್ಟೇ ಕೊಟ್ಟು ಕಳಿಸಿದರೆ ಈಗಿನ ಮಾಲೀಕರ ಹೆಸರು ಬಿಟ್ಟು ಬೇರೇನೂ ಇರಲ್ಲ. ಆದ್ದರಿಂದ ‘ಕೈಬರಹದ ರಿಜಿಸ್ಟರಿನ ಪುಟದ ನಕಲು, ಹಿಂದಿನ ಮಾಲೀಕರ ನಮೂದು ಸಹಿತ’ ಅಂತ ಅರ್ಜಿಯಲ್ಲೇ ಬಿಡಿಸಿ ಬರೆಯಿರಿ. ಅರ್ಜಿ ಈಗಿನ ಮಾಲೀಕರ ಹೆಸರಲ್ಲೇ ಹೋಗಲಿ. ಬೇರೆಯವರು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಖಾಸಗಿ ಮಾಹಿತಿ ಅಂತ ತಳ್ಳಿಹಾಕೋಕೆ ಅವಕಾಶ ಇದೆ. ಮಾಹಿತಿ ಹಕ್ಕಿನಲ್ಲೇ ಹಾಕೋದಾದರೆ ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಮನೆಯವರ ಹತ್ತಿರ ಏನೇನು ಕೇಳಬೇಕು? ಟ್ಯಾಕ್ಸ್ ಕಟ್ಟಿದ ಟೋಕನ್, ಇನ್ಶೂರೆನ್ಸ್ ಪಾಲಿಸಿ, ಸ್ಟ್ಯಾಂಪ್ ಪೇಪರ್ ಮೇಲಿನ ಖರೀದಿ ಪತ್ರ (ಬೆಳಗಾವಿ ಕಡೆ ಇದು ಮರಾಠಿಯಲ್ಲಿರೋದು ಮಾಮೂಲಿ), ವಾಟ್ನಿ ಪತ್ರದಲ್ಲಿ (ಆಸ್ತಿ ಪಾಲಿನ ಕಾಗದ) ಮೋಟಾರಿನ ಉಲ್ಲೇಖ, ಗ್ಯಾರೇಜಿನ ಬಿಲ್ಲು. ಪೋರ್ಚುಗೀಸ್ ಭಾಷೆಯ ಚೀಟಿ ಕಂಡರೂ ಎಸೆಯಬೇಡಿ, 1961ರ ಡಿಸೆಂಬರ್ ತನಕ ಗೋವಾ ಅವರದ್ದೇ ಆಗಿತ್ತು, ಗಾಡಿ ಘಟ್ಟ ಹತ್ತಿ ಬಂದಿರಬಹುದು. ಆರ್‌ಸಿಯಲ್ಲಿರೋ ವಿಳಾಸ ಹಳೇ ಬಾಗಲಕೋಟೆಯದ್ದಾದರೆ ಆ ಓಣಿಯೇ ಆಲಮಟ್ಟಿ ಹಿನ್ನೀರಿಗೆ ಹೋಗಿರೋ ಸಾಧ್ಯತೆ ಇದೆ. ಆ ಮನೆತನದವರನ್ನ ನವನಗರದಲ್ಲಿ ಕೇಳಿ.

ಕಾರ್ಖಾನೆಯ ದಾಖಲೆ ಇಂಗ್ಲೆಂಡಿನಲ್ಲಿದೆ, ಪತ್ರ ಬರೆದರೆ ಉತ್ತರ ಬರುತ್ತೆ. ಜಾಗ್ವಾರ್ ಆದರೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಹಣ ತಗೊಂಡು ಸರ್ಟಿಫಿಕೇಟ್ ಕೊಡುತ್ತೆ. ಚಾಸಿ, ಇಂಜಿನ್, ಬಾಡಿ ನಂಬರ್, ಮೊದಲ ಬಣ್ಣ, ಹೊರಟ ದಿನ, ಯಾವ ಡೀಲರಿಗೆ ಹೋಯಿತು ಅನ್ನೋದು ಅದರಲ್ಲಿರುತ್ತೆ. ಎಂಜಿ ಆದರೆ ಅಬಿಂಗ್ಡನ್‌ನ ಎಂಜಿ ಕಾರ್ ಕ್ಲಬ್‌ಗೂ, ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೂ ಎರಡೂ ಕಡೆ ಕೇಳಿ. ನಿಮ್ಮ ಪೆನ್ಸಿಲ್ ಪ್ರಿಂಟಿನ ಸ್ಕ್ಯಾನ್ ಜೊತೆಗಿಡಿ.

ರೇಸು

ಈಗ ಅಸಲಿ ವಿಷಯ. ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. 1961ರ ಎಫ್1 ವಿಶ್ವ ಚಾಂಪಿಯನ್ ಫಿಲ್ ಹಿಲ್ ಶುರುವಿನಲ್ಲಿ ಓಡಿಸಿದ್ದು ಎಂಜಿ ಟಿಸಿ. ಅಮೆರಿಕದ ಹೆಸರಾಂತ ರೇಸ್ ಡ್ರೈವರ್ ಕ್ಯಾರಲ್ ಶೆಲ್ಬಿ 1952ರಲ್ಲಿ ರೇಸಿಗೆ ಕಾಲಿಟ್ಟಿದ್ದೂ ಟಿಸಿಯಲ್ಲೇ. ಇದೆಲ್ಲ ಆ ಮಾಡೆಲ್ಲಿನ ಹೆಸರು. ನಿಮ್ಮ ಮುಂದೆ ನಿಂತಿರೋ ಗಾಡಿಗೂ ಅದಕ್ಕೂ ಸಂಬಂಧ ಇಲ್ಲ. ಮಾರುವವರು ಇವೆರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ, ಕೇಳುವವರಿಗೆ ಗೊತ್ತೇ ಆಗಲ್ಲ.

ದಕ್ಷಿಣದಲ್ಲಿ ಹಳೇ ರೇಸು ಅಂದರೆ ಮುಖ್ಯವಾಗಿ ಶೋಲಾವರಂ. ಮದ್ರಾಸಿನ ಹೊರಗೆ ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ, ಅದರ ಮೇಲೇ ಗಾಡಿ ಓಡಿಸ್ತಿದ್ರು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಶುರುವಾಗಿದ್ದು 1953ರಲ್ಲಿ. ಇರುಂಗಾಟ್ಟುಕೋಟೈನಲ್ಲಿ ಹೊಸ ಟ್ರ್ಯಾಕ್ ಆದಮೇಲೆ 1990ರಿಂದ ರೇಸು ಅಲ್ಲಿಗೆ ಹೋಯಿತು. ಹಾಗಾಗಿ "1950ರಲ್ಲಿ ಮದ್ರಾಸ್ ಕ್ಲಬ್ಬಿನ ರೇಸ್ ಗೆದ್ದಿದ್ದು" ಅಂದರೆ ಅಲ್ಲೇ ಬಿತ್ತು. ದೇಶದ ಮೋಟಾರ್ ರೇಸ್ ಕ್ಲಬ್ಬುಗಳ ಒಕ್ಕೂಟ ಹುಟ್ಟಿದ್ದೇ 1971ರಲ್ಲಿ. ಅದಕ್ಕೂ ಮುಂಚಿನದು ಬೇಕಾದರೆ ಆಯಾ ಊರಿನ ಕ್ಲಬ್ಬು, ಆಯಾ ಊರಿನ ಪತ್ರಿಕೆ, ಅಷ್ಟೇ ಗತಿ. ಚೆನ್ನೈನ ಕನ್ನಿಮರಾ ಗ್ರಂಥಾಲಯದಲ್ಲಿ ಹಳೇ ‘ದಿ ಹಿಂದೂ’ ಮತ್ತು ಅದೇ ಮನೆಯ ‘ಸ್ಪೋರ್ಟ್ ಅಂಡ್ ಪಾಸ್‌ಟೈಮ್’ ವಾರಪತ್ರಿಕೆ ಕೇಳಿ. ಹೋಗೋ ಮುಂಚೆ ಆರ್‌ಸಿಯಿಂದ ಮಾಲೀಕರ ಹೆಸರು, ವರ್ಷ ಬರೆದುಕೊಂಡು ಹೋಗಿ, ಇಲ್ಲಾಂದ್ರೆ ವರ್ಷಗಟ್ಟಲೆ ಪತ್ರಿಕೆಯ ರಾಶಿಯಲ್ಲಿ ಕಳೆದುಹೋಗ್ತೀರಿ.

ರೇಸಿನ ಫಲಿತಾಂಶದಲ್ಲಿ ಡ್ರೈವರ್ ಹೆಸರು, ಗಾಡಿಯ ಮಾಡೆಲ್, ಸಿಸಿ ಪ್ರಕಾರ ವರ್ಗ ಇರುತ್ತೆ. ಚಾಸಿ ನಂಬರ್ ಇರಲ್ಲ. ಓಡಿಸಿದವರೇ ಮಾಲೀಕರು ಆಗಿರಬೇಕು ಅಂತಲೂ ಇಲ್ಲ, ಗೆಳೆಯರ ಗಾಡಿ ಇಸ್ಕೊಂಡು ಓಡಿಸೋದು ಆಗಲೂ ಇತ್ತು. ಪತ್ರಿಕೆಯ ಹೆಸರಿಗೂ ಆರ್‌ಸಿಯ ಹೆಸರಿಗೂ ಅದೇ ವರ್ಷದಲ್ಲಿ ಗಂಟು ಬಿದ್ದರೆ ಅರ್ಧ ದಾರಿ ಬಂದಂತೆ. ಉಳಿದರ್ಧಕ್ಕೆ ಫೋಟೋ ಬೇಕು: ಪ್ಲೇಟು, ಕನ್ನಡಿ ಇರೋ ಜಾಗ, ಮಡ್‌ಗಾರ್ಡಿನ ತೆಗ್ಗು, ಬಾಗಿಲ ಮೇಲಿನ ನಂಬರ್.

ಮಾತು

ಹಳೇ ಮಿಸ್ತ್ರಿಗಳ ಹತ್ತಿರ ಹೋದಾಗ "ಅಜ್ಜಾರ, ಈ ಗಾಡಿ ರೇಸಿಗೆ ಹೋಗಿತ್ತಲ್ರೀ?" ಅಂತ ಕೇಳಬೇಡಿ. "ಹೂಂ ತಮ್ಮಾ, ಹೋಗಿತ್ತು" ಅಂತಾರೆ, ನಿಮ್ಮ ಮನಸ್ಸು ನೋಯಿಸಬಾರದು ಅಂತ. "ಈ ಗಾಡಿಗೆ ನೀವು ಏನೇನ್ ಕೆಲಸಾ ಮಾಡಿದ್ರಿ?" ಅಂತ ಕೇಳಿ. "ಹೆಡ್ ಎರಡ್ ಸಲ ಕೆತ್ತಿಸಿದ್ವಿ, ಸಾಹೇಬ್ರು ಮದ್ರಾಸಿಗೆ ಹೊಂಟಿದ್ರು" ಅಂತ ಅವರಾಗಿಯೇ ಹೇಳಿದರೆ ಅದಕ್ಕೆ ತೂಕ ಇದೆ. ಮನೆಯಲ್ಲಿ ಕಾಕಾ, ಅತ್ತಿಯವರು ಮಾತಾಡುವಾಗ ಒಬ್ಬೊಬ್ಬರನ್ನೇ ಕೇಳಿ. ಎಲ್ಲರೂ ಒಟ್ಟಿಗೆ ಕೂತರೆ ದೊಡ್ಡವರ ಕಥೆಯೇ ಎಲ್ಲರ ಕಥೆ ಆಗುತ್ತೆ.

ಬರೆದಿಡೋದು

ಒಂದು ದಪ್ಪ ರಿಜಿಸ್ಟರ್ ತಗೊಂಡು ವರ್ಷದ ಪ್ರಕಾರ ಬರೆಯಿರಿ. ಒಂದೊಂದು ಸಾಲಿನ ಮುಂದೆ ಕಾಗದ ಇದೆಯಾ, ಕಬ್ಬಿಣದಲ್ಲಿ ಕಾಣುತ್ತಾ, ಬರೇ ಮಾತಾ ಅಂತ ಗುರುತು ಹಾಕಿ. ಏನೂ ಸಿಗದ ವರ್ಷ ಖಾಲಿ ಬಿಡಿ, ಊಹೆ ತುಂಬಬೇಡಿ. ಈ ಸರಪಳಿ ಎಷ್ಟು ಮುಖ್ಯ ಅಂದರೆ, ಫ್ರಾನ್ಸಿನ 24 ಗಂಟೆಯ ಲೆ ಮಾನ್ಸ್ ರೇಸನ್ನ 1929 ಮತ್ತು 1930ರಲ್ಲಿ ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಅಸಲಿ ಹೌದಾ ಅಲ್ವಾ ಅಂತ 1990ರಲ್ಲಿ ಲಂಡನ್ ಕೋರ್ಟಿನಲ್ಲಿ ಕೇಸು ನಡೆಯಿತು. ಆ ಗಾಡಿಯ ಮೊದಲಿನ ಭಾಗಗಳು ಬಹಳಷ್ಟು ಬದಲಾಗಿ ಹೋಗಿದ್ದವು. ಆದರೂ ಒಂದೊಂದು ಬದಲಾವಣೆ ಆದಾಗಲೂ ಅದೇ ಗಾಡಿ ಮುಂದುವರಿದುಕೊಂಡು ಬಂದಿತ್ತು ಅಂತ ಕೋರ್ಟ್ ಅದನ್ನ ಅಸಲಿ ಅಂತಲೇ ಒಪ್ಪಿತು. ಒಂದು ಕೋಟಿ ಪೌಂಡಿನ ವ್ಯವಹಾರ ಅದು.

ಈ ರಿಜಿಸ್ಟರ್ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತೆ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು ಅನ್ನೋದು ನಿಯಮ. ಹೊಸ ನಂಬರ್ ಬೇಕಾದರೆ ‘ವಿಎ’ ಸರಣಿ, ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ನವೀಕರಣ 5,000. ಮೊದಲೇ ನೋಂದಣಿ ಆಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ನನ್ನ ಕೇಳಿದರೆ ಅದನ್ನೇ ಮಾಡಿ. ದಿನಾ ಮಾರ್ಕೆಟ್ಟಿಗೆ ಓಡಿಸೋಕೆ ಈ ನೋಂದಣಿಯಲ್ಲಿ ಅವಕಾಶ ಇಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಅಷ್ಟಕ್ಕೇ. ಅರ್ಜಿ ಫಾರಂ 20ರಲ್ಲಿ ಹಾಕಬೇಕು. ಜೊತೆಗೆ ಹಳೇ ಆರ್‌ಸಿ, ಇನ್ಶೂರೆನ್ಸ್ ಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ.