ಸೌದೆಗೆ ಮರ ಕಡಿಯುವ ಮೊದಲು ಸೊನೆ ನೋಡುವುದು

ತೋಟದ ಬೇಲಿಯಲ್ಲಿ, ಗದ್ದೆಯ ಬದುವಿನಲ್ಲಿ ತಾನಾಗಿ ಎದ್ದ ಮರಗಳಲ್ಲಿ ಹೆಸರು ಗೊತ್ತಿಲ್ಲದ್ದು ಒಂದೆರಡು ಇದ್ದೇ ಇರುತ್ತವೆ. ಬಚ್ಚಲೊಲೆಗೆ ಸೌದೆ ಬೇಕೆಂದಾಗ ಕಣ್ಣು ಹೋಗುವುದು ಅವುಗಳ ಮೇಲೆಯೇ. ಮಲೆನಾಡು, ಕರಾವಳಿಯ ಮಟ್ಟಿಗೆ ನಾನು ಮೊದಲು ಹೆಸರು ಹುಡುಕಲು ಹೋಗುವುದಿಲ್ಲ. ಅದು ಸೊನೆ ತಾಗಿದರೆ ಮೈಗೆ ಗುಳ್ಳೆ ಏಳಿಸುವ ಹೊಳಗೇರು ಅಲ್ಲ, ಕೇರು ಅಲ್ಲ ಎನ್ನುವುದನ್ನು ಮೊದಲು ಖಾತ್ರಿ ಮಾಡಿಕೊಳ್ಳುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಮುಟ್ಟುವ ಮೊದಲೇ ಕಾಂಡವನ್ನು ಸುತ್ತ ನೋಡಬೇಕು. ಹಳೆಯ ಗಾಯ, ಮುರಿದ ಕೊಂಬೆಯ ಬುಡದಿಂದ ಟಾರು ಇಳಿದಂತೆ ಕರಿ ಗೆರೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಹೊಳಗೇರಿನ ಎಲೆ ಗೇಣುದ್ದ, ತುದಿಯ ಕಡೆ ಅಗಲ, ತೊಟ್ಟಿನ ಕಡೆ ಸಪೂರ. ರೆಂಬೆಯ ತುದಿಯಲ್ಲಿ ಗೊಂಚಲಾಗಿರುತ್ತದೆ. ಎಳೆ ಎಲೆಯ ತೊಟ್ಟಿನ ಎರಡೂ ಪಕ್ಕ ಮೆತ್ತನೆಯ ಸಣ್ಣ ಮುಳ್ಳಿನಂಥದ್ದು ಕಾಣುತ್ತದೆ. ಬಲಿತ ಎಲೆಯಲ್ಲಿ ಅದು ಉದುರಿ ಬರೀ ಗುರುತು ಉಳಿಯುವುದರಿಂದ ಎಳೆಯದನ್ನೇ ನೋಡಬೇಕು.

ಅನುಮಾನ ಉಳಿದರೆ ಕೆತ್ತಿ ನೋಡುತ್ತೇನೆ. ತೊಡೆಯ ಎತ್ತರದಲ್ಲಿ, ಎರಡು ಇಂಚು ಅಗಲ, ತೊಗಟೆಯಷ್ಟೇ ಆಳ. ಉದ್ದ ತೋಳಿನ ಅಂಗಿ, ಕೈಗೆ ದಪ್ಪ ಗ್ಲೌಸ್. ಕತ್ತಿ ಬೀಸುವಾಗ ನೇರ ಎದುರಿಗೆ ನಿಲ್ಲಬಾರದು, ಚಕ್ಕೆ ಸಿಡಿದರೆ ಕಣ್ಣಿಗೇ ಬರುತ್ತದೆ. ಸೊನೆ ಒಸರಲು ಹತ್ತು ಹದಿನೈದು ನಿಮಿಷ ಬಿಟ್ಟು, ಕಡ್ಡಿಯ ತುದಿಯಲ್ಲಿ ತೆಗೆದು ಬಿಳಿ ಕಾಗದಕ್ಕೆ ಒರೆಸಿ ಇಡಿ. ಮರುದಿನ ಕಾಗದದ ಮೇಲೆ ಕಪ್ಪು ಕಲೆ ಕೂತಿದ್ದರೆ ಆ ಮರ ಸೌದೆಗೆ ಬೇಡ. ಸೊನೆ ತಾಗಿದ ಕೂಡಲೇ ಏನೂ ಆಗದಿರುವುದರಿಂದಲೇ ಜನ ಮೋಸಹೋಗುವುದು. ತುರಿಕೆ, ಬಾವು, ಗುಳ್ಳೆ ಕಾಣಿಸಿಕೊಳ್ಳುವುದು ಆಮೇಲೆ. ಒಣಗಿದರೆ ವಿಷ ಹೋಗುತ್ತದೆ ಎಂದು ಒಲೆಗೆ ಹಾಕುವವರೂ ಇದ್ದಾರೆ. ಹಾಗೆ ಮಾಡಬೇಡಿ, ಹೊಗೆ ಕಣ್ಣಿಗೂ ಗಂಟಲಿಗೂ ಹೋಗುತ್ತದೆ. ಕತ್ತಿಯನ್ನೂ ಹಿಡಿಯನ್ನೂ ಸೋಪು ಹಾಕಿ ತೊಳೆದೇ ಒಳಗಿಡಬೇಕು.

ಸೊನೆ ಕಪ್ಪಾಗದಿದ್ದರೆ ಅದರ ಬಣ್ಣ ಬೇರೆ ಸುದ್ದಿ ಹೇಳುತ್ತದೆ. ಕೆಂಪು ಬಂದರೆ ಹೊನ್ನೆ ಎಂದು ತೀರ್ಮಾನಿಸುವುದು ಅವಸರ, ರಕ್ತಮರಕ್ಕೂ ಕೆಂಪು ಸೊನೆ ಇದೆ. ದೋಟಿಯಿಂದ ಒಂದು ರೆಂಬೆ ಇಳಿಸಿ. ಒಂದೇ ದಂಟಿನಲ್ಲಿ ಐದಾರು ಕಿರುಎಲೆ ಒಂದು ಬಿಟ್ಟು ಒಂದರಂತೆ ಇದ್ದರೆ ಹೊನ್ನೆ. ಬಿಡಿ ಬಿಡಿಯಾಗಿ ಉದ್ದ ಎಲೆ, ಕೊಂಬೆಗಳು ಅಡ್ಡಡ್ಡ ಚಾಚಿದ್ದರೆ ರಕ್ತಮರದ ಕುಟುಂಬ. ಕಿರುಎಲೆ ಹೊನ್ನೆಯಂತೆಯೇ ಜೋಡಣೆಯಾಗಿದ್ದು, ದುಂಡಗಿದ್ದು, ಕೆತ್ತಿದಲ್ಲಿ ಕೆಂಪು ಸೊನೆ ಬಾರದಿದ್ದರೆ ಬೀಟೆ ಇರಬಹುದು.

ಹಾಲು ಬಂದು, ಎಲೆಗಳು ಒಂದೇ ಗಂಟಿನ ಸುತ್ತ ಐದಾರೇಳು ಕೂತಿದ್ದರೆ ಅದು ಹಾಲೆ, ತುಳುವಿನ ಪಾಲೆ. ಹಗುರ ಮರ, ಸೌದೆಯಾಗಿ ದಂಡ. ಇದನ್ನು ವಿಷದ ಮರ ಕಾಸರಕದಿಂದ ಬೇರೆ ಮಾಡಲು ಕಲಿತಿರುವುದು ಸೌದೆಗಿಂತ ದೊಡ್ಡ ಕೆಲಸಕ್ಕೆ ಬರುತ್ತದೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಕಷಾಯಕ್ಕೆ ನಸುಕಿನ ಕತ್ತಲಲ್ಲಿ ಹಾಲೆಯ ಕೆತ್ತೆ (ತೊಗಟೆ) ತೆಗೆಯಲು ಹೋಗುವವರು ಮರವನ್ನು ಹಿಂದಿನ ದಿನ ಹಗಲಲ್ಲೇ ನೋಡಿಟ್ಟುಕೊಳ್ಳಬೇಕು. ಕಾಸರಕದಲ್ಲಿ ಹಾಲಿಲ್ಲ, ಹೊಳೆಯುವ ಎಲೆ ಎದುರುಬದುರು ಜೋಡಿ, ಬುಡದಿಂದಲೇ ಮೂರೋ ಐದೋ ನರ ಹೊರಡುತ್ತವೆ. ಬೀಜವಂತೂ ಸರಿಯೇ, ತೊಗಟೆಯೂ ಕಡುವಿಷ.

ಶ್ರೀಗಂಧದ ವಿಷಯದಲ್ಲಿ ಮೂಗನ್ನು ನಂಬಬೇಡಿ. ಎಲೆಗೂ ತೊಗಟೆಗೂ ಹೊರಗಿನ ಬಿಳಿ ಮರಕ್ಕೂ ಪರಿಮಳವಿಲ್ಲ, ಅದಿರುವುದು ಒಳಗಿನ ಚೇಗಿನಲ್ಲಿ. ಎಳೆಯ ಮರದಲ್ಲಿ ಚೇಗೇ ಕೂಡಿರುವುದಿಲ್ಲ. ಎದುರುಬದುರಾದ ಸಣ್ಣ ಎಲೆ, ಕಪ್ಪು-ನೇರಳೆ ಗುಂಡು ಹಣ್ಣು ನೋಡಿಯೇ ಗುರುತಿಸಬೇಕು. ನಿಮ್ಮ ಜಾಗದಲ್ಲೇ ಇದ್ದರೂ ಅನುಮತಿಯಿಲ್ಲದೆ ಕಡಿದರೆ ಕೇಸು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಗಾಳಿಮರ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗಷ್ಟೇ ವಿನಾಯಿತಿ; ಉಳಿದದ್ದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು, ಅರ್ಜಿಯಲ್ಲಿ ಜಾತಿ ಬರೆಯಲೇಬೇಕು. ಸೌದೆಗೆ ಒಳ್ಳೆಯದೆಂದು ಎಲ್ಲರೂ ಬಯಸುವ ಮತ್ತಿಯೂ ಈ ಅರ್ಜಿಯ ಪಟ್ಟಿಯದೇ. ಮೊಸಳೆ ಚರ್ಮದಂತೆ ಬಿರಿದ ಕಪ್ಪು ತೊಗಟೆ, ಎಲೆಯ ಅಡಿ ತೊಟ್ಟಿನ ಹತ್ತಿರ ಎರಡು ಸಣ್ಣ ಗಂಟು, ಐದು ರೆಕ್ಕೆಯ ಕಾಯಿ. ಇವು ಮೂರೂ ಕೂಡಿದರೆ ಬೇರೆ ಪರೀಕ್ಷೆ ಬೇಡ.

ಹೆಚ್ಚಾಗಿ ತಪ್ಪುವುದು ಎಲೆಯ ವಿಷಯದಲ್ಲಿ. ಮೇಲೆ ಕಾಣುವ ಹಸಿರು ಮರದ್ದೋ ಹಬ್ಬಿದ ಬಳ್ಳಿಯದ್ದೋ ನೋಡದೆ ಹೆಸರು ಹೇಳಿಬಿಡುತ್ತಾರೆ. ಬುಡದಲ್ಲಿ ಬಿದ್ದ ತರಗೆಲೆ ಪಕ್ಕದ ಮರದ್ದೂ ಆಗಿರುತ್ತದೆ. ಬುಡದ ಚಿಗುರೂ ಪಕ್ಕಾ ಸಾಕ್ಷಿಯಲ್ಲ, ಅದರ ಎಲೆ ಬಲಿತ ಕೊಂಬೆಯ ಎಲೆಗಿಂತ ಎಷ್ಟೋ ದೊಡ್ಡದಾಗಿರುತ್ತದೆ. ಬೇಸಿಗೆಯಲ್ಲಿ ಮರ ಬೋಳಾಗಿದ್ದರೆ ರೆಂಬೆಯ ಮೇಲೆ ಎಲೆ ಉದುರಿದ ಕಲೆ ನೋಡಿ. ಜೋಡಿಯೋ ಒಂಟಿಯೋ ಅಷ್ಟಾದರೂ ತಿಳಿಯುತ್ತದೆ. ನಾನು ಮಳೆಗಾಲ ಮುಗಿಯುತ್ತಿದ್ದಂತೆ, ಎಲೆ ತುಂಬಿರುವಾಗಲೇ ಗುರುತಿಸಿ, ಎದೆಯೆತ್ತರಕ್ಕೆ ಪೇಂಟ್ ಬಳಿದು ಬಿಡುತ್ತೇನೆ. ಕಡಿಯಬಹುದಾದ್ದಕ್ಕೆ ಬಿಳಿ, ಮುಟ್ಟಬಾರದ್ದಕ್ಕೆ ಕೆಂಪು. ಕಡಿಯಲು ಬರುವ ಆಳುಗಳಿಗೆ ಬಾಯಲ್ಲಿ ಹೇಳಿದ್ದಕ್ಕಿಂತ ಇದೇ ಸರಿ.