ಬ್ಯಾಂಡ್ ಹಾಲ್‌ಗೆ ಒಮ್ಮೆ ಹೋಗಿ ಬನ್ನಿ: ಸ್ಕಾಟ್ಲೆಂಡಿಗೆ ಹೊಸದಾಗಿ ಬಂದವರಿಗೆ

ಸ್ಕಾಟ್ಲೆಂಡಿನ ಸಣ್ಣ ಊರೊಂದರಲ್ಲಿ ಮನೆ ಮಾಡಿದ್ದೀರಾ? ಹಾಗಾದರೆ ವಾರದಲ್ಲಿ ಒಂದು ಸಂಜೆ, ಏಳು ಗಂಟೆ ಹೊತ್ತಿಗೆ, ಚರ್ಚ್ ಹಾಲ್‌ನಿಂದಲೋ ಶಾಲೆಯಿಂದಲೋ ಡ್ರಮ್ ಸದ್ದು ಕೇಳಿಬರಬಹುದು. ಅದು ಊರಿನ ಪೈಪ್ ಬ್ಯಾಂಡ್. ಕೇಳಿಸಿಕೊಂಡು ಸುಮ್ನೆ ಮುಂದೆ ಹೋಗಬೇಡಿ. ಬಾಗಿಲು ತಳ್ಳಿ ಒಳಗೆ ಹೋಗಿ, ಹಿಂದೆ ಎಲ್ಲಾದರೂ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ನಾನು ಹಾಗೆ ಹೋಗಿ ಕೂತು ಹನ್ನೊಂದು ವರ್ಷವಾಯಿತು. ರಸ್ತೆಯಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸುವವರಲ್ಲಿ ಅರ್ಧ ಜನ ಆ ಹಾಲ್‌ನಲ್ಲಿ ಸಿಕ್ಕವರೇ.

ಜನವರಿ 29ರ ಬೀಟಿಂಗ್ ರಿಟ್ರೀಟ್ ಟಿವಿಯಲ್ಲಿ ನೋಡಿದವರಿಗೆ ಬ್ಯಾಗ್‌ಪೈಪ್ ಪರಿಚಯದ್ದೇ. ಹತ್ತಿರದಿಂದ ಕೇಳಿದರೆ ಇನ್ನೂ ಹತ್ತಿರದ್ದು ಅನ್ನಿಸುತ್ತದೆ. ನಮ್ಮ ಓಲಗದಲ್ಲಿ ಒಬ್ಬರು ಬರೀ ಶ್ರುತಿ ಹಿಡಿದು ನಿಂತಿರುತ್ತಾರಲ್ಲ, ಆ ಕೆಲಸ ಇಲ್ಲಿ ಭುಜದ ಮೇಲಿರುವ ಮೂರು ಕೊಳವೆಗಳದ್ದು. ಅವೇ ಡ್ರೋನ್‌ಗಳು: ಎರಡು ಟೆನರ್, ಒಂದು ಬೇಸ್. ರಾಗ ನುಡಿಸುವ ಕೊಳವೆಗೆ ಚಾಂಟರ್ ಅನ್ನುತ್ತಾರೆ. ಅದರಲ್ಲಿ ಒಂಬತ್ತೇ ಸ್ವರ. ಡ್ರೋನನ್ನು ಷಡ್ಜ ಅಂದುಕೊಂಡರೆ ಕೆಳಗಿನ ನಿಷಾದದಿಂದ ಮೇಲಿನ ಷಡ್ಜದವರೆಗೆ. ಸಂಗೀತ ಕಲಿತವರು ಕೂತು ಕೇಳಿ, ಹರಿಕಾಂಭೋಜಿಯ ಸ್ವರಗಳೇ ಅವು! ಕೆಲವು ಹಾಡುಗಳಲ್ಲಂತೂ ಮೋಹನ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ಮೊದಲ ದಿನವೇ ಪೈಪ್ ಕೈಗೆ ಸಿಗುವುದಿಲ್ಲ. ಚೀಲವಿಲ್ಲದ, ಮೆಲ್ಲಗೆ ನುಡಿಯುವ ಪ್ರಾಕ್ಟೀಸ್ ಚಾಂಟರ್ ಕೊಡುತ್ತಾರೆ. ಆರು ತಿಂಗಳಿಂದ ಒಂದು ವರ್ಷ ಅದರಲ್ಲೇ ಬೆರಳು ಪಳಗಬೇಕು. ಬೇಸರ ಮಾಡಿಕೊಳ್ಳಬೇಡಿ, ಸರಳೆ ಜಂಟಿ ಮಾಡದೆ ಕೀರ್ತನೆಗೆ ಯಾರೂ ಹೋಗುವುದಿಲ್ಲ ಅಲ್ವಾ. ಪೈಪ್‌ನಲ್ಲಿ ನಾದ ನಡುವೆ ನಿಲ್ಲುವುದೇ ಇಲ್ಲ. ಹಾಗಾಗಿ ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ಮಧ್ಯೆ ಬೇರೊಂದು ಸ್ವರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿ ಬರಬೇಕು. ಈ ಗ್ರೇಸ್ ನೋಟ್‌ಗಳೇ ಈ ವಾದ್ಯದ ಜೀವ. ಹಿಂದೆ ಸ್ಕೈ ದ್ವೀಪದಲ್ಲಿ ಪೈಪ್ ನುಡಿಸುತ್ತಿದ್ದ ಮ್ಯಾಕ್ರಿಮನ್ ಮನೆತನದ ಕಾಲದಲ್ಲಿ ಪುಸ್ತಕವಿರಲಿಲ್ಲ. ಗುರು ಬಾಯಲ್ಲಿ ಉಚ್ಚರಿಸಿ ಹಾಡುತ್ತಿದ್ದರು, ಶಿಷ್ಯ ಹಾಗೇ ಹಾಡಿ ಕಲಿಯುತ್ತಿದ್ದ. ಅದಕ್ಕೆ ಕ್ಯಾಂಟರಾಕ್ ಅಂತ ಹೆಸರು. ಈಗಲೂ ಹಿರಿಯರು ಗುನುಗಿ ತೋರಿಸುವುದುಂಟು.

ಊದುವುದು ಬೇಡ ಅನ್ನುವವರಿಗೆ ಸ್ನೇರ್, ಟೆನರ್, ಬೇಸ್ ಡ್ರಮ್‌ಗಳಿವೆ. ಮೃದಂಗ, ತಬಲಾ ಕಲಿತ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಊರ ಬ್ಯಾಂಡ್‌ಗಳಲ್ಲಿ ಹೆಚ್ಚಿನ ಕಡೆ ಪಾಠಕ್ಕೆ ಹಣ ಜಾಸ್ತಿ ಇರುವುದಿಲ್ಲ, ಎಷ್ಟೋ ಕಡೆ ಇಲ್ಲವೇ ಇಲ್ಲ. ಚರ್ಮ ಮುಟ್ಟದವರಿಗೊಂದು ಮಾತು: ಪೈಪ್‌ನ ಚೀಲ ಈಗ ಸಿಂಥೆಟಿಕ್‌ನಲ್ಲೂ ಸಿಗುತ್ತದೆ, ಮೊದಲೇ ಹೇಳಿಬಿಡಿ. ಇಯರ್‌ಪ್ಲಗ್ ಮಾತ್ರ ಮರೆಯಬೇಡಿ. ಹನ್ನೆರಡು ಪೈಪ್ ಒಟ್ಟಿಗೆ ನುಡಿದರೆ ಕಿವಿಗೆ ಒಳ್ಳೆಯದಲ್ಲ.

ಹನ್ನೆರಡು ವರ್ಷದ ಹುಡುಗಿ ಎಪ್ಪತ್ತರ ಅಜ್ಜನನ್ನು ಇಲ್ಲಿ ಹೆಸರು ಹಿಡಿದೇ ಕರೆಯುತ್ತಾಳೆ. ಅಂಕಲ್, ಆಂಟಿ ಇಲ್ಲ. ಗೌರವ ಬೇರೆ ಕಡೆ ಕಾಣುತ್ತದೆ. ಬ್ಯಾಂಡ್ ನಡೆಸುವ ಪೈಪ್ ಮೇಜರ್ ಕೈ ಎತ್ತಿದರೆ ಹಾಲ್ ಪೂರ್ತಿ ಮೌನ. ಯಾವ ಹಾಡು, ಯಾರು ನುಡಿಸಬೇಕು, ಯಾರು ಈ ಸಲ ಕಾಯಬೇಕು, ಎಲ್ಲ ಅವರದೇ ತೀರ್ಮಾನ. ನುಡಿಸಲು ಶುರು ಮಾಡುವಾಗ ಡ್ರಮ್‌ಗಳು ಎರಡು ರೋಲ್, ಅಂದರೆ ಬಿಡದೆ ಬಾರಿಸುವ ಉರುಳು ಸದ್ದು, ಹಾಕುತ್ತವೆ. ಎರಡನೆಯದಕ್ಕೆ ಡ್ರೋನ್‌ಗಳೆಲ್ಲ ಒಟ್ಟಿಗೆ ಏಳಬೇಕು. ಒಬ್ಬರ ಪೈಪ್ ಮೊದಲೇ ಕೂಗಿದರೂ ಎಲ್ಲರಿಗೂ ಗೊತ್ತಾಗುತ್ತದೆ.

ಒಂದು ವಿಷಯ ನಾನು ತಡವಾಗಿ ತಿಳಿದೆ. ಎರಡನೇ ವರ್ಷದಲ್ಲಿ 'ಫ್ಲವರ್ಸ್ ಆಫ್ ದ ಫಾರೆಸ್ಟ್' ಅನ್ನುವ ಹಳೆಯ ಹಾಡನ್ನು ಮನೆಯಲ್ಲಿ ಕಲಿತು, ಖುಷಿಯಿಂದ ಹಾಲ್‌ನಲ್ಲಿ ನುಡಿಸತೊಡಗಿದೆ. ಹಿರಿಯರೊಬ್ಬರು ಹತ್ತಿರ ಬಂದು ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು. 1513ರಲ್ಲಿ ಇಂಗ್ಲೆಂಡಿನ ಎದುರು ನಡೆದ ಫ್ಲಾಡನ್ ಯುದ್ಧದಲ್ಲಿ ಸತ್ತ ಸ್ಕಾಟ್ಲೆಂಡಿನವರ ನೆನಪಿನ ಹಾಡು ಅದು. ಸಾವಿನ ಮನೆ, ಸ್ಮರಣೆಯ ದಿನ ಇವೆರಡನ್ನು ಬಿಟ್ಟು ಅದನ್ನು ಜನರ ಮುಂದೆ ನುಡಿಸುವುದಿಲ್ಲ. ಅಭ್ಯಾಸ ಮಾಡುವುದಾದರೂ ಒಬ್ಬರೇ, ಬಾಗಿಲು ಹಾಕಿಕೊಂಡು. ಅವರು ಬೈಯಲಿಲ್ಲ, ಪಕ್ಕದಲ್ಲಿ ಕೂತು ಹೇಳಿದರು. ನವೆಂಬರಿನ ಎರಡನೇ ಭಾನುವಾರ ಯುದ್ಧ ಸ್ಮಾರಕದ ಮುಂದೆ ಅವರೇ ಅದನ್ನು ನುಡಿಸಿದಾಗ, ಕಲ್ಲಿನ ಮೇಲಿನ ಹೆಸರುಗಳಲ್ಲಿ ಅವರ ಮನೆತನದ ಹೆಸರನ್ನೂ ಕಂಡೆ.

ಬ್ಯಾಂಡ್‌ನವರು ಉಡುವ ನೆರಿಗೆಯ ಲಂಗದಂಥ ಕಿಲ್ಟ್ ಸಾಮಾನ್ಯವಾಗಿ ಬ್ಯಾಂಡ್‌ನದ್ದೇ. ನೆರಿಗೆ ಹಿಂದೆ, ಸಪಾಟು ಭಾಗ ಮುಂದೆ. ಪ್ಯಾಂಟಿನ ಹಾಗೆ ಕೆಳಗೆ ಕಟ್ಟಬೇಡಿ, ಹೊಕ್ಕುಳ ಮಟ್ಟಕ್ಕೆ ಬರಬೇಕು. ಪಿನ್ ಮೇಲಿನ ಪದರಕ್ಕೆ ಮಾತ್ರ, ಎರಡೂ ಪದರಕ್ಕೆ ಚುಚ್ಚಿದರೆ ಬಟ್ಟೆ ಹರಿಯುತ್ತದೆ. ಕೂರುವಾಗ ನೆರಿಗೆ ಸವರಿಕೊಂಡು ಕೂರಿ. ಸೀರೆ ಉಡುವವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ.

ಆಗಸ್ಟ್‌ನಲ್ಲಿ ಗ್ಲಾಸ್ಗೋ ಗ್ರೀನ್‌ನಲ್ಲಿ ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆ ನಡೆಯುತ್ತದೆ. ತಪ್ಪಿಸಬೇಡಿ. ಸ್ಪರ್ಧೆಯ ಅಂಗಳಕ್ಕಿಂತ ಮೊದಲು, ಬ್ಯಾಂಡ್‌ಗಳು ಶ್ರುತಿ ಸೇರಿಸುವ ಜಾಗಕ್ಕೆ ಹೋಗಿ. ಎಲ್ಲರೂ ದುಂಡಗೆ ನಿಂತಿರುತ್ತಾರೆ. ಪೈಪ್ ಮೇಜರ್ ಒಬ್ಬೊಬ್ಬರ ಮುಂದೆಯೂ ನಿಂತು ಕಿವಿಗೊಟ್ಟು, ಒಂದು ಡ್ರೋನನ್ನು ಕೂದಲೆಳೆಯಷ್ಟು ಮೇಲಕ್ಕೆಳೆಯುತ್ತಾರೆ, ಚಾಂಟರ್ ರಂಧ್ರದ ಮೇಲಿನ ಟೇಪನ್ನು ಚೂರು ಸರಿಸುತ್ತಾರೆ. ಮೂವತ್ತು ನಲವತ್ತು ಡ್ರೋನ್ ಸೇರಿ ಒಂದೇ ಶ್ರುತಿಯಾಗುವ ಗಳಿಗೆ ಎದೆಗೇ ಗೊತ್ತಾಗುತ್ತದೆ. ಆಗ ಯಾರನ್ನೂ ಮಾತಾಡಿಸಬೇಡಿ. ಸ್ಪರ್ಧೆ ಮುಗಿಸಿ ಬಂದ ಮೇಲೆ ಕೇಳಿ, ಅವರೇ ಪೈಪ್ ಬಿಚ್ಚಿ ತೋರಿಸುತ್ತಾರೆ.