ತೊಡೆಯ ಊತ, ಎರಡು ಬಾಟ್ಲಿ

ನಾನು ಹಾವೇರಿಯಲ್ಲಿ ಚರ್ಮದ ಡಾಕ್ಟರ್. ದಿನಾ ನೋಡುವ ಫಂಗಸ್ ಅಂದರೆ ಗಜಕರ್ಣವೇ ಜಾಸ್ತಿ. ಚರ್ಮದ ಅಡಿಯಲ್ಲಿ ಕೂತು ಬೆಳೆಯುವ ಫಂಗಸ್ ನಮಗೂ ಥಟ್ಟನೆ ಹೊಳೆಯುವುದಿಲ್ಲ. ನನಗಂತೂ ಹೊಳೆಯಲಿಲ್ಲ.

ಬ್ಯಾಡಗಿ ಕಡೆಯ ಏಳು ವರ್ಷದ ಹುಡುಗ. ತೊಡೆಯ ಮೇಲೆ ಅಂಗೈ ಅಗಲದ ಊತ, ಮುಟ್ಟಿದರೆ ಹಲಗೆಯಷ್ಟು ಗಟ್ಟಿ. ‘ನೋವಿಲ್ರೀ ಸರ, ಜ್ವರಾನೂ ಇಲ್ಲ, ಆದ್ರ ದೊಡ್ಡದಾಗಾಕತ್ತೈತ್ರಿ’ ಅಂದಳು ತಾಯಿ. ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದೆ. ಗ್ರ್ಯಾನುಲೋಮ, ಅಂದರೆ ಉರಿಯೂತದ ಕಣಗಳ ಗಂಟು, ಟಿಬಿ ಇರಬಹುದು ಅಂತ ರಿಪೋರ್ಟ್ ಬಂತು. ಟಿಬಿ ಮಾತ್ರೆ ಶುರು ಮಾಡಿದೆ. ಆರು ವಾರದಲ್ಲಿ ಊತ ಮೊಣಕಾಲಿನ ಕಡೆಗೆ ಹಬ್ಬಿತು.

ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಊತದ ಅಂಚಿಗೆ ಬೆರಳು ಒತ್ತಿದರೆ, ಹೆಂಚಿನ ಮೇಲಿನ ರೊಟ್ಟಿಯ ಅಂಚು ಎಬ್ಬಿಸಿದ ಹಾಗೆ, ಬೆರಳ ತುದಿ ಅದರ ಕೆಳಗೆ ತೂರಿತು. ಮಗು, ತೊಡೆ, ನೋವಿಲ್ಲದ ಗಟ್ಟಿ ಊತ, ಮೇಲಿಂದ ಈ ಅಂಚು ಬೇರೆ. ಬೇಸಿಡಿಯೊಬೋಲಸ್ ನೆನಪಾಗಲೇಬೇಕಿತ್ತು, ಅಲ್ವಾ? ಕಪ್ಪೆ, ಹಲ್ಲಿಗಳ ಕರುಳಲ್ಲಿ, ಕೊಳೆತ ಎಲೆಗಳಲ್ಲಿ ಇರುವ ಫಂಗಸ್ ಅದು.

ಮೊದಲ ಸಲ ಇಡೀ ತುಣುಕನ್ನು ಕೊಳೆಯದ ಹಾಗೆ ಇಡುವ ಫಾರ್ಮಲಿನ್‌ಗೆ ಹಾಕಿದ್ದೆ. ಅದರಲ್ಲಿ ಫಂಗಸ್ ಸತ್ತೇ ಹೋಗುತ್ತದೆ, ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಎಲ್ಲಿಂದ ಮಾಡೋದು? ಈ ಸಲ ಕೊಬ್ಬಿನ ಪದರದವರೆಗೆ ಆಳವಾಗಿ ತೆಗೆದು ಎರಡು ಬಾಟ್ಲಿ ಮಾಡಿದೆ, ಒಂದು ಫಾರ್ಮಲಿನ್, ಇನ್ನೊಂದು ಬರೀ ಸಲೈನ್, ಅಂದರೆ ಉಪ್ಪುನೀರು. ಫ್ರಿಜ್‌ನಲ್ಲಿ ಇಡಬೇಡಿ, ಇದಕ್ಕೆ ಥಂಡಿ ಆಗಿಬರುವುದಿಲ್ಲ, ಅರೆಯದೆ ಸಣ್ಣಗೆ ಹೆಚ್ಚಿ ಹಾಕಿ ಎಂದು ಲ್ಯಾಬಿಗೆ ಚೀಟಿ ಬರೆದು, ಹುಡುಗನ ಸೋದರಮಾವನ ಕೈಲಿ ಅವತ್ತೇ ಹುಬ್ಬಳ್ಳಿ ಬಸ್ಸಿಗೆ ಕಳಿಸಿದೆ. ನಾಲ್ಕನೇ ದಿನ ಲ್ಯಾಬಿನಿಂದ ಫೋನ್. ಪ್ಲೇಟಿನ ಮುಚ್ಚಳಕ್ಕೂ ಬೀಜಕಣ ಸಿಡಿದು ಅಂಟಿವೆಯಂತೆ! ಈ ಫಂಗಸ್‌ನ ಚಾಳಿಯೇ ಅದು. ಬಯಾಪ್ಸಿಯಲ್ಲೂ ಅಗಲವಾದ ಎಳೆಗಳು, ಸುತ್ತ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ರಾಶಿ.

ಟಿಬಿ ಮಾತ್ರೆ ನಿಲ್ಲಿಸಿದೆ. ಹುಡುಗ 20 ಕೆಜಿ ಇದ್ದ. ಕೆಜಿಗೆ 5 ಮಿ.ಗ್ರಾಂ ಲೆಕ್ಕದಲ್ಲಿ ಫಂಗಸ್ ಔಷಧ ಇಟ್ರಾಕೊನಜೋಲ್ 100 ಮಿ.ಗ್ರಾಂನ ಒಂದು ಕ್ಯಾಪ್ಸೂಲ್ ದಿನಾ, ಊಟದ ಜೊತೆ. ಗ್ಯಾಸಿನ ಮಾತ್ರೆ ಕೊಟ್ಟರೆ ಇದು ಮೈಗೆ ಹಿಡಿಯುವುದಿಲ್ಲ, ಅದನ್ನು ತಾಯಿಗೆ ಎರಡು ಸಲ ಹೇಳಿದೆ. ಜೊತೆಗೆ ಪೊಟ್ಯಾಸಿಯಂ ಅಯೋಡೈಡ್ ಹನಿ, ದಿನಾ ಸ್ವಲ್ಪ ಏರಿಸುತ್ತಾ, ಹಾಲಿನಲ್ಲಿ. ಹಳೇ ಔಷಧ, ಅಗ್ಗ, ಆದರೆ ರುಚಿ ಕೆಟ್ಟದ್ದು, ಮೂಗೂ ಸೋರುತ್ತದೆ. ಥೈರಾಯ್ಡ್, ಲಿವರ್ ಟೆಸ್ಟ್ ಮಾಡಿಸುತ್ತಾ ಇದ್ದೆ.

ಮೂರನೇ ವಾರಕ್ಕೆ ತೊಡೆಯ ಚರ್ಮ ಚಿವುಟಲು ಬಂತು. ಮೂರು ತಿಂಗಳಿಗೆ ಟೇಪ್ ಹಿಡಿದರೆ ಎರಡೂ ತೊಡೆ ಸಮ. ಆದರೂ ಕ್ಯಾಪ್ಸೂಲನ್ನು ಇನ್ನೂ ಮೂರು ತಿಂಗಳು ನಡೆಸಿದೆ. ಹುಡುಗ ಮಾತ್ರ ಈಗ ಹಾಲು ಕಂಡರೆ ಓಡುತ್ತಾನಂತೆ.